ಕತ್ತರಿ ಕಡೆ, ಬಟ್ಟೆ ಕಡೆ

ಟೈಲರಮ್ಮನಿಗೆ ಎಡ ಯಾವುದು ಬಲ ಯಾವುದು ಗೊತ್ತಿಲ್ಲ ಎನ್ನುವುದು ಆ ಬೀದಿಗೆಲ್ಲ ಗೊತ್ತಿತ್ತು. ದಾರಿ ಕೇಳಿದವರಿಗೆ ಬಾಯಲ್ಲಿ ಎಡಕ್ಕೆ ಹೋಗಿ ಎಂದು ಕೈಯಲ್ಲಿ ಬಲಕ್ಕೆ ತೋರಿಸುವ ಹೆಂಗಸು ಅವಳು. ಕೇಳಿದವರು ಜಾಣರಾಗಿದ್ದರೆ ಕೈಯನ್ನು ನಂಬುತ್ತಿದ್ದರು. ಮೂವತ್ತೈದು ವರ್ಷದಿಂದ ಹೊಲಿಗೆ ಯಂತ್ರದ ಮುಂದೆ ಕೂತು ಬೀದಿಯ ಅರ್ಧ ಜನರ ಅಂಗಿ, ಪ್ಯಾಂಟು, ಮಕ್ಕಳ ಯೂನಿಫಾರ್ಮು ಹೊಲಿದಿದ್ದಾಳೆ, ಒಂದು ದಿನವೂ ಎಡದ ತೋಳನ್ನು ಬಲಕ್ಕೆ ಕೂಡಿಸಿದವಳಲ್ಲ. ಬಾಯಿಗೆ ಬಂದಾಗ ಮಾತ್ರ ಎರಡೂ ಕಲಸುಮೇಲೋಗರ.

ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ಬೀದಿಯವರ ಬಾಯಲ್ಲಿ ಲಿಫ್ಟಪ್ಪ. ದೊಡ್ಡ ದೊಡ್ಡ ಕಟ್ಟಡಗಳ ಹೊಟ್ಟೆಯೊಳಗೆ, ಬಾವಿಯಂಥ ಕತ್ತಲಲ್ಲಿ, ಗ್ರೀಸು ಮೆತ್ತಿದ ತಂತಿಹಗ್ಗಗಳ ನಡುವೆ ಮೂವತ್ತು ವರ್ಷ ಕಳೆದು ನಿವೃತ್ತನಾಗಿದ್ದ. "ಇವನಿಗೆ ಮೇಲೆ ಕೆಳಗೆ ಬಿಟ್ರೆ ಬೇರೆ ದಿಕ್ಕಿಲ್ಲ, ಅವಳಿಗೆ ಎಡ ಬಲ ಇಲ್ಲ. ಇಬ್ರೂ ಸೇರಿ ಕಾಡು ಸುತ್ತಕ್ಕೆ ಹೋಗ್ತಾರಂತೆ!" ಎಂದು ಅವನ ತಾಯಿ, ಎಂಬತ್ತಮೂರರ ಅಜ್ಜಿ, ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಹೋಗುತ್ತಿದ್ದದ್ದಂತೂ ನಿಜ. ಮನೆ ಮುಂದೆ ನಿಂತಿರುತ್ತಿದ್ದ, ನಾಲ್ಕೂ ಚಕ್ರ ಎಳೆಯುವ ಹಳೆಯ ಕಪ್ಪು ಜೀಪಿಗೆ ಅವರಿಟ್ಟ ಹೆಸರು ಕೋಣ. ಇಪ್ಪತ್ತಾರು ವರ್ಷದಿಂದ, ವರ್ಷಕ್ಕೆ ಎರಡು ಮೂರು ಸಲ, ಗಂಡ ಹೆಂಡತಿ ಅದರಲ್ಲಿ ಡೇರೆ, ಸ್ಟವ್, ಎರಡು ಮಡಿಸುವ ಕುರ್ಚಿ ತುಂಬಿಕೊಂಡು ಬೆಟ್ಟದ, ಕಡಲತೀರದ ರಾಷ್ಟ್ರೀಯ ಉದ್ಯಾನಗಳಿಗೆ ಹೊರಡುತ್ತಿದ್ದರು. ಡೇರೆಯನ್ನು ಅವಳೇ ಹೊಲಿದದ್ದು. ಗಾಳಿ ಕಿತ್ತುಕೊಂಡು ಹೋಗುವಷ್ಟು ಬೀಸಿದರೂ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

ಗಾಡಿ ಓಡಿಸುವುದು ಅವನ ಕೆಲಸ, ದಾರಿ ತೋರಿಸುವುದು ಅವಳದು. ಕಲ್ಲುಬಂಡೆಯ ಇಳಿಜಾರು ಬಂದರೆ ಅವಳು ಇಳಿದು ಗಾಡಿಯ ಮುಂದೆ ಅವನಿಗೆ ಮುಖ ಮಾಡಿ ನಿಂತು, ಹಿಂದಕ್ಕೆ ಹೆಜ್ಜೆ ಹಾಕುತ್ತ, ಚಕ್ರ ಎತ್ತ ತಿರುಗಬೇಕು ಎಂದು ಕೂಗಬೇಕು. ಮೊದಲನೇ ವರ್ಷವೇ ಎಡ ಎನ್ನುವ ಬದಲು ಬಲ ಎಂದು ಕೂಗಿದಳು. ಕೋಣದ ಕನ್ನಡಿ ಬಂಡೆಗೆ ಬಡಿದು ಪುಡಿಪುಡಿ. ಗಂಡ ಬೈಯಲಿಲ್ಲ. ಇಳಿದು ಬಂದು ಕೇಳಿದ:

"ನೀನು ಕತ್ತರಿ ಹಿಡಿಯೋ ಕೈ ಯಾವ್ದು?"

ಅವಳು ಎತ್ತಿದಳು.

"ಬಟ್ಟೆ ಒತ್ತಿ ಹಿಡಿಯೋದು?"

ಇನ್ನೊಂದು ಕೈ ಎತ್ತಿದಳು.

"ಆಯ್ತು ಬಿಡು. ಎಡ ಬಲ ಊರಿನವರಿಗೆ ಇರ್ಲಿ. ನಮಗೆ ಕತ್ತರಿ ಬಟ್ಟೆ ಸಾಕು."

ಅಂದಿನಿಂದ ಕೋಣದ ಸುತ್ತಮುತ್ತ ಬಲವೆಂದರೆ ಕತ್ತರಿ, ಎಡವೆಂದರೆ ಬಟ್ಟೆ. "ಕತ್ತರಿ, ಕತ್ತರಿ, ಇನ್ನೊಂಚೂರು ಕತ್ತರಿ, ಸಾಕು, ಈಗ ಬಟ್ಟೆ!" ಎಂದು ಅವಳು ಬೆಟ್ಟದ ಮಧ್ಯೆ ಕೂಗುತ್ತಿದ್ದರೆ ಕೇಳಿದವರು ಇಲ್ಲೆಲ್ಲೋ ಜವಳಿ ಅಂಗಡಿ ಇದೆ ಎಂದುಕೊಳ್ಳಬೇಕು. ಕೋಣಕ್ಕೆ ಆಮೇಲೆ ಒಂದು ಗೀರೂ ಬೀಳಲಿಲ್ಲ.

ಗೀರು ಬಿದ್ದದ್ದು ಇಪ್ಪತ್ತಾರನೇ ವರ್ಷ, ಮನೆಯ ಗೇಟಿನಲ್ಲಿ, ಬೆಳಗಿನ ಹತ್ತು ಗಂಟೆಯ ಬಿಸಿಲಲ್ಲಿ. ಟೈಲರಮ್ಮ ಅಂಗಿಯ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದವಳು ಸದ್ದು ಕೇಳಿ ಓಡಿಬಂದಳು. ಕೋಣದ ಬದಿ ಉದ್ದಕ್ಕೂ ಸೀಳಿತ್ತು. ಗೇಟಿನ ಕಂಬ ವಾಲಿತ್ತು. ಗಂಡ ಕೆಳಗಿಳಿದು ಕಂಬವನ್ನೇ ನೋಡುತ್ತ ನಿಂತಿದ್ದ.

"ಈ ಕಂಬ ಎಲ್ಲಿತ್ತು?" ಎಂದ.

ಮನೆ ಕಟ್ಟಿದಾಗಿನಿಂದ ಅಲ್ಲೇ ಇದ್ದ ಕಂಬ.

ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ಮಗಳು. ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವಳದು. ಮೂವತ್ತೊಂದು ವಯಸ್ಸು, ಮಾತು ನೇರ. ಬಂದವಳೇ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಾಗ ವರದಿ ಒಪ್ಪಿಸಿದಳು.

"ಕಣ್ಣಿನ ನರ ಒಣಗ್ತಾ ಬಂದಿದೆ. ಎದುರಿಗಿದ್ದದ್ದು ಕಾಣತ್ತೆ, ಅಕ್ಕಪಕ್ಕದ್ದು ಕಾಣಲ್ಲ. ಕೊಳವೇಲಿ ಇಣುಕಿದ ಹಾಗೆ. ದಿನಕ್ಕೆ ಮೂರು ಸಲ ಔಷಧಿ ಬಿಟ್ರೆ ಉಳಿದಿರೋದು ಉಳಿಯತ್ತೆ. ಗಾಡಿ ಮಾತ್ರ ಇನ್ನು ಮುಟ್ಟೋ ಹಾಗಿಲ್ಲ."

"ಯಾವಾಗಿಂದ ಹೀಗಿತ್ತಂತೆ?" ಎಂದಳು ಟೈಲರಮ್ಮ.

"ಅಪ್ಪನ್ನೇ ಕೇಳು. ಅವರಿಗೆ ಗೊತ್ತಿತ್ತು."

ಗಂಡ ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತಿದ್ದ. ತಲೆ ಎತ್ತಲಿಲ್ಲ. "ಒಂದು ವರ್ಷ ಆಯ್ತೇನೋ. ಹೇಳಿದ್ರೆ ನಿಲ್ಲಿಸಿಬಿಡ್ತೀರಿ ಅಂತ ಹೇಳ್ಲಿಲ್ಲ."

"ನಿಲ್ಲಿಸದೆ? ಅಮ್ಮನ್ನೂ ಕೂರಿಸ್ಕೊಂಡು ಪ್ರಪಾತಕ್ಕೆ ಇಳಿಸೋ ಯೋಚನೆ ಇತ್ತಾ? ಮೊಟ್ಟೆ ಅಂಗಡಿಯವರು ಆ ಗಾಡಿ ಬೇಕು ಅಂತ ಎರಡು ಸಲ ಕೇಳಿದಾರೆ. ಕೊಟ್ಟುಬಿಡೋಣ."

"ಮೊಟ್ಟೆ ಸಾಗಿಸಕ್ಕಾ? ನನ್ನ ಕೋಣದಲ್ಲಾ?"

"ಮೊಟ್ಟೆ ಒಡೀದೆ ಇದ್ರೆ ಅವರಿಗೆ ಸಾಕು ಅಪ್ಪ. ನಂಗೂ ಅಷ್ಟೇ, ನಿಮ್ಮ ತಲೆ ಒಡೀದೆ ಇದ್ರೆ ಸಾಕು."

ಅಜ್ಜಿ ಅನ್ನದ ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು. "ಮಾರೋದಾದ್ರೆ ಮಾರಿ, ಇಟ್ಕೊಳ್ಳೋದಾದ್ರೆ ಇಟ್ಕೊಳ್ಳಿ. ಯಾರಾದ್ರೂ ಉಪ್ಪು ಈ ಕಡೆ ಕೊಡಿ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಳು.

ಗೋಡೆಯ ಮೇಲೆ ಮೊಳೆಗೆ ಸಿಕ್ಕಿಸಿದ್ದ ಒಂದು ಕಾಗದವಿತ್ತು. ಬೆಟ್ಟ ಇಳಿದು ಇಳಿದು ನೇರ ಕಡಲಿಗೇ ಸೇರುವ ಉದ್ಯಾನವೊಂದರ ಪರವಾನಗಿ ಅದು. ವಾರಕ್ಕೆ ಹನ್ನೆರಡು ಗಾಡಿ ಮಾತ್ರ ಬಿಡುತ್ತಾರೆ. ನಾಲ್ಕು ವರ್ಷ ಅರ್ಜಿ ಹಾಕಿ ಈ ಸಲ ಸಿಕ್ಕಿತ್ತು. ಹೊರಡಲು ಇನ್ನು ಒಂಬತ್ತು ವಾರ. ಟೈಲರಮ್ಮ ಅದನ್ನೇ ನೋಡುತ್ತಿದ್ದಳು. ಗಂಡನ ಜೊತೆಗೆ ಹೋಗುತ್ತಿದ್ದೇನೆ ಎಂದುಕೊಂಡೇ ಅವಳು ಇಷ್ಟು ವರ್ಷ ಹೋಗಿದ್ದಳು. ನಿಂತುಹೋಗುತ್ತದೆ ಎಂದಾಗ ಗೊತ್ತಾಯಿತು, ಹೋಗಬೇಕೆನ್ನುವ ಆಸೆ ಅವಳದೇ ಆಗಿತ್ತು. ಹೊಲಿಗೆ ಯಂತ್ರದ ಮುಂದಿನ ಆ ಗೋಡೆ ಬಿಟ್ಟು ಬೇರೇನೂ ಕಾಣದ ಮುಂದಿನ ವರ್ಷಗಳನ್ನು ನೆನೆದು ಅವಳಿಗೆ ನಿಜವಾಗಿ ಭಯವಾಯಿತು.

"ನಾನು ಓಡಿಸ್ತೀನಿ" ಎಂದಳು.

ಮೊದಲು ನಕ್ಕದ್ದು ಅಜ್ಜಿ. "ಅರವತ್ತಕ್ಕೆ ಅರಳು ಮರುಳು ಅಂತಾರೆ. ನಿಂಗೆ ಐವತ್ತೇಳಕ್ಕೇ ಬಂತಲ್ಲೇ!"

"ಇನ್ನೂ ಮೂರು ವರ್ಷ ಬುದ್ಧಿ ನೆಟ್ಟಗಿರತ್ತೆ ಅಂತಾಯ್ತಲ್ಲ ಅತ್ತೆ. ಅಷ್ಟರಲ್ಲಿ ಕಲೀತೀನಿ."

ಮಗಳು ನಗಲಿಲ್ಲ. ಕೈಲಿದ್ದ ಚಮಚ ಕೆಳಗಿಟ್ಟಳು. "ನೀವಿಬ್ರೂ ಬೆಟ್ಟ ಹತ್ತೋವಾಗ ಇಲ್ಲಿ ಅಜ್ಜಿ ಬೆನ್ನುಜ್ಜೋದು ಯಾರು ಅಂತ ಯಾವತ್ತಾದ್ರೂ ಕೇಳಿದೀಯಾ ಅಮ್ಮ? ಚಿಕ್ಕೋಳಿದ್ದಾಗ ಗಾಡೀಲಿ ಎರಡು ಸಲ ವಾಂತಿ ಮಾಡ್ಕೊಂಡೆ ಅಂತ ನನ್ನ ಬಿಟ್ಟು ಹೋಗೋಕೆ ಶುರು ಮಾಡಿದ್ರಿ. ಅವತ್ತಿಂದ ಇವತ್ತಿನವರೆಗೂ ನಾನು ಈ ಮನೆಯ ಕಾವಲುಗಾರ್ತಿ."

ಮಗಳು ತಟ್ಟೆ ತೊಳೆದಿಟ್ಟು ಡ್ಯೂಟಿಗೆ ಹೋದಳು. ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ, ಅದು ಟೈಲರಮ್ಮನಿಗೆ ಚೆನ್ನಾಗಿ ಚುಚ್ಚಿತು.

ಅಜ್ಜಿಗೂ ಚುಚ್ಚಿರಬೇಕು. ಮಾರನೆಯ ದಿನ ಪಕ್ಕದ ಮನೆಯವಳ ಕೈಲಿ ಉದ್ದ ಹಿಡಿಯ ಬ್ರಷ್ಷೊಂದನ್ನು ತರಿಸಿಕೊಂಡು, ಬಚ್ಚಲಿನ ಬಾಗಿಲು ಹಾಕಿಕೊಂಡು ತನ್ನ ಬೆನ್ನು ತಾನೇ ಉಜ್ಜಿಕೊಂಡಳು. ಹೊರಗೆ ಬಂದು, "ಇನ್ಮೇಲೆ ನನ್ನ ಬೆನ್ನಿನ ಸುದ್ದಿ ಊಟದ ಮನೇಲಿ ಬರಬಾರ್ದು" ಎಂದಳು.

ಕಲಿಸಲು ಮೊದಲು ಕೂತವನು ಗಂಡ. ಬೀದಿಯ ತುದಿಯ ಖಾಲಿ ಮೈದಾನದಲ್ಲಿ ಮೂರು ದಿನ ನಡೆಯಿತು ಪಾಠ. ಅವಳು ಕ್ಲಚ್ಚು ಬಿಟ್ಟರೆ ಕೋಣ ಕುಪ್ಪಳಿಸಿ ನಿಲ್ಲುತ್ತಿತ್ತು.

"ನಿಧಾನ ಬಿಡು ಅಂದ್ರೆ ನಿಧಾನ ಬಿಡ್ಬೇಕು!"

"ನಿಧಾನಾನೇ ಬಿಟ್ಟೆ!"

"ಇದು ನಿಧಾನಾನಾ? ಲಿಫ್ಟ್ ಹಗ್ಗ ಕಡಿದ್ರೂ ಇದಕ್ಕಿಂತ ನಿಧಾನಕ್ಕೆ ಬೀಳತ್ತೆ!"

"ಹಾಗಾದ್ರೆ ನೀವು ಒಂದು ಗುಂಡಿಗೆ ಕಾಜಾ ಹಾಕಿ ನೋಡೋಣ. ಮೂವತ್ತೈದು ವರ್ಷ ಪಕ್ಕದಲ್ಲೇ ಇದ್ರಲ್ಲ!"

ಮೂರನೇ ದಿನ ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ನಡೆದು ಮನೆಗೆ ಬಂದರು. ಕೋಣ ಮೈದಾನದಲ್ಲೇ ಉಳಿಯಿತು. "ಎತ್ತು ಏರಿಗೆಳೀತು, ಕೋಣ ನೀರಿಗೆಳೀತು" ಎಂದಳು ಅಜ್ಜಿ, ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತ.

ಟೈಲರಮ್ಮ ಡ್ರೈವಿಂಗ್ ಶಾಲೆಗೆ ಸೇರಿದಳು. ಬೆಳಿಗ್ಗೆ ಆರಕ್ಕೆ ಎದ್ದು ಗಂಡನ ಕಣ್ಣಿಗೆ ಔಷಧಿ ಬಿಟ್ಟು, ಏಳರಿಂದ ಎಂಟು ಪಾಠ, ಬಂದು ಅಡುಗೆ, ಆಮೇಲೆ ಹೊಲಿಗೆ. ಪಾಠ ಹೇಳುವ ಮೇಷ್ಟ್ರು ಲಾರಿ ಓಡಿಸಿ ಸೊಂಟ ನೋವು ಹಿಡಿದ ಮನುಷ್ಯ, ತಾಳ್ಮೆಗೆ ಹೆಸರಾದವನು. ಬಲಕ್ಕೆ ಎಂದಾಗ ಅವಳು ಎಡಕ್ಕೆ ತಿರುಗಿ ಹಾಲಿನ ವ್ಯಾನಿಗೆ ಮುಖಾಮುಖಿಯಾದ ದಿನ ಆ ತಾಳ್ಮೆ ಅಲ್ಲಾಡಿತು.

"ಅಮ್ಮಾ, ಬಲ ಅಂದ್ರೆ ಏನು ಅಂದ್ಕೊಂಡಿದೀರಿ?"

"ಕತ್ತರಿ ಅನ್ನಿ ಮೇಷ್ಟ್ರೇ, ತಪ್ಪಲ್ಲ."

ಮೇಷ್ಟ್ರು ಎರಡು ದಿನ ಗೊಣಗಿದ. ಮೂರನೇ ದಿನ ಕತ್ತರಿ ಎಂದ. ವಾರ ಕಳೆಯುವಷ್ಟರಲ್ಲಿ ಬೇರೆ ವಿದ್ಯಾರ್ಥಿಗಳಿಗೂ ಕತ್ತರಿ ಎಂದುಬಿಟ್ಟು ತಲೆ ಚಚ್ಚಿಕೊಂಡನಂತೆ.

ಲೈಸೆನ್ಸಿನ ಪರೀಕ್ಷೆ ತೆಗೆದುಕೊಳ್ಳುವ ಅಧಿಕಾರಿಗೆ ಕತ್ತರಿ ಗೊತ್ತಿರಲಿಲ್ಲ. ಬಲಕ್ಕೆ ತಿರುಗಿಸಿ ಎಂದ, ಅವಳು ಎಡಕ್ಕೆ ತಿರುಗಿಸಿದಳು. "ಇಳೀರಿ" ಎಂದ. ಅಷ್ಟಕ್ಕೆ ಮುಗಿಯಿತು.

ಮನೆಗೆ ಬಂದವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟಳು. ಗಂಡ ಪಕ್ಕದಲ್ಲಿ ನಿಂತು ಏನು ಮಾಡಬೇಕು ತೋಚದೆ ಚಹಾ ಇಟ್ಟ. ಕೈಯ ಪಕ್ಕದಲ್ಲೇ ಇದ್ದ ಗಾಜಿನ ಲೋಟ ಅವನಿಗೆ ಕಾಣಲಿಲ್ಲ, ಉರುಳಿ ಬಿದ್ದು ಒಡೆಯಿತು. ಇಬ್ಬರೂ ಬಗ್ಗಿ ಗಾಜು ಆರಿಸಿದರು.

"ಬಿಟ್ಟುಬಿಡೋಣ ಕಣೇ" ಎಂದ. "ಮೊಟ್ಟೆಯವನಿಗೆ ಕೊಟ್ಟುಬಿಡೋಣ. ನಂಗೇನೂ ಬೇಜಾರಿಲ್ಲ."

"ಬೇಜಾರಿಲ್ದೇ ದಿನಾ ಬೆಳಿಗ್ಗೆ ನಿಂತ ಗಾಡೀಲಿ ಹೋಗಿ ಕೂತ್ಕೋತೀರಾ? ನಾನು ಕಿಟಕೀಲಿ ನೋಡಿಲ್ಲ ಅಂದ್ಕೊಂಡ್ರಾ?"

ಅವನು ಗಾಜಿನ ಚೂರುಗಳನ್ನು ಕಾಗದಕ್ಕೆ ಸುತ್ತಿದ.

"ಮತ್ತೆ ಪರೀಕ್ಷೆಗೆ ಹೋಗ್ತೀನಿ. ಇದು ನಿಮಗೋಸ್ಕರ ಅಲ್ಲ. ನಂಗೋಸ್ಕರ."

ಎರಡನೇ ಸಲ ಹೊರಡುವಾಗ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ತೆಗೆದು ಕತ್ತರಿ ಹಿಡಿಯುವ ಕೈಯ ಮೇಲೆ ಅಷ್ಟಗಲಕ್ಕೆ "ಬಲ" ಎಂದು ಬರೆದುಕೊಂಡಳು. ಅಧಿಕಾರಿ ಅದನ್ನು ನೋಡಿದ, ಅವಳ ಮುಖ ನೋಡಿದ. "ಕಾನೂನಿನಲ್ಲಿ ಬೇಡ ಅಂತ ಎಲ್ಲೂ ಇಲ್ಲ" ಎಂದ. ಈ ಸಲ ಅವಳು ಒಂದು ತಿರುವೂ ತಪ್ಪಲಿಲ್ಲ, ಅವನು ಸಹಿ ಹಾಕಿದ.

ಮನೆಯಲ್ಲಿ ಅಜ್ಜಿ ಲೈಸೆನ್ಸನ್ನು ತಿರುಗಿಸಿ ಮುರುಗಿಸಿ ನೋಡಿ, "ಫೋಟೋದಲ್ಲಿ ಕಳ್ಳಿ ಥರ ಇದೀಯ" ಎಂದಳು. ಅವಳ ಲೆಕ್ಕದಲ್ಲಿ ಅದು ಅಭಿನಂದನೆ. ಮಗಳು ಮಾತ್ರ ಅಷ್ಟು ಸುಲಭಕ್ಕೆ ಸೋಲುವವಳಲ್ಲ.

"ಟಾರು ರೋಡಲ್ಲಿ ಯಾರು ಬೇಕಾದ್ರೂ ಓಡಿಸ್ತಾರೆ ಅಮ್ಮ. ಅಲ್ಲಿರೋದು ಬಂಡೆ, ಮರಳು. ಭಾನುವಾರ ಹೊಳೆ ದಂಡೆಗೆ ಹೋಗೋಣ, ನನ್ನೆದುರಿಗೆ ಇಳಿಸಿ ಹತ್ತಿಸಿ ತೋರ್ಸು. ಆಗ್ಲಿಲ್ಲ ಅಂದ್ರೆ ಸೋಮವಾರ ಮೊಟ್ಟೆ ಅಂಗಡಿಗೆ ಫೋನ್ ಮಾಡ್ತೀನಿ. ಒಪ್ಪಿಗೇನಾ?"

"ಒಪ್ಪಿಗೆ."

"ನಾನೂ ಬರ್ತೀನಿ" ಎಂದಳು ಅಜ್ಜಿ.

ಎಲ್ಲರೂ ಅವಳ ಕಡೆ ನೋಡಿದರು. "ಏನು ನೋಡ್ತೀರಿ? ಇಪ್ಪತ್ತಾರು ವರ್ಷದಲ್ಲಿ ಬಾ ಅಂತ ನನ್ನ ಯಾರು ಕರೆದ್ರಿ?"

ಭಾನುವಾರ ನಾಲ್ವರೂ ಹೊರಟರು. ಮಗಳು ವಾಂತಿಗೆಂದು ಪ್ಲಾಸ್ಟಿಕ್ ಚೀಲ ಹಿಡಿದು ಹಿಂದೆ ಕೂತಳು, ಪಕ್ಕದಲ್ಲಿ ಅಜ್ಜಿ ಹುರಿದ ಕಡಲೆಕಾಯಿಯ ಪೊಟ್ಟಣ ಹಿಡಿದು. ಹೊಳೆಯ ದಂಡೆಯಲ್ಲಿ ಟೈಲರಮ್ಮ ಟೈರುಗಳ ಗಾಳಿ ಇಳಿಸಿದಳು. ಮೆತ್ತಗಾದ ಟೈರು ಮರಳಲ್ಲಿ ಹೂತುಕೊಳ್ಳದು ಎನ್ನುವುದು ಗಂಡನಿಂದ ಎಂದೋ ಕಲಿತದ್ದು. ಚಿಕ್ಕ ಗೇರನ್ನು ಎಳೆದು ನಾಲ್ಕೂ ಚಕ್ರಕ್ಕೆ ಜೀವ ಕೊಟ್ಟಳು. ಮುಂದೆ ಎರಡು ಬಂಡೆಗಳ ನಡುವೆ ಇಳಿಜಾರು, ಒಂದು ಬದಿಗೆ ಮಳೆನೀರು ಕೊರೆದ ಹಳ್ಳ. ಈಗ ದಾರಿ ಹೇಳುವ ಸರದಿ ಗಂಡನದು. ಅವನು ಇಳಿದು ಅವಳಿಗೆ ಮುಖ ಮಾಡಿ ನಿಂತ, ಅವಳು ಇಷ್ಟು ವರ್ಷ ನಿಂತ ಹಾಗೆಯೇ.

"ಬಾ... ಬಾ... ಕತ್ತರಿ! ಇನ್ನೂ ಕತ್ತರಿ!"

ಅವಳು ಕತ್ತರಿಯ ಕಡೆ ತಿರುಗಿಸಿದಳು.

"ಕತ್ತರಿ ಅಂದ್ನಲ್ಲೇ! ಕತ್ತರಿ!"

ಅವಳು ಇನ್ನಷ್ಟು ತಿರುಗಿಸಿದಳು. ಮುಂದಿನ ಚಕ್ರ ಹಳ್ಳಕ್ಕೆ ಜಾರಿ ಕೋಣ ಮೂಗು ತಗ್ಗಿಸಿ ಕೂತುಬಿಟ್ಟಿತು. ಅಜ್ಜಿಯ ಕಡಲೆಕಾಯಿಯೆಲ್ಲ ಮೊಮ್ಮಗಳ ಮಡಿಲಿಗೆ.

"ಎಡ ಬಲ ಹೋಗ್ಲಿ, ಈಗ ಕತ್ತರೀನೂ ಮರೆತ್ಯಾ?" ಗಂಡ ಕೂಗಿದ.

ಮಗಳು ಇಳಿದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಆಯ್ತಲ್ಲ? ನೋಡಿದ್ದಾಯ್ತು. ಇನ್ನು ಸಾಕು."

ಟೈಲರಮ್ಮ ಬ್ರೇಕು ಎಳೆದಳು. ಕೆಳಗಿಳಿದು ಚಕ್ರ ನೋಡಿದಳು, ಗಂಡ ನಿಂತಿದ್ದ ಜಾಗ ನೋಡಿದಳು. ಹೋಗಿ ಅವನ ಪಕ್ಕ ನಿಂತು ಗಾಡಿಯ ಕಡೆ ಮುಖ ಮಾಡಿದಳು. ಒಂದು ಕೈ ಎತ್ತಿದಳು, ಇಳಿಸಿದಳು, ಇನ್ನೊಂದು ಎತ್ತಿದಳು. ಅವಳ ಮುಖದಲ್ಲಿ ಮೆಲ್ಲಗೆ ನಗು ಬಂತು.

"ರೀ, ನೀವು ಯಾರ ಕತ್ತರಿ ಹೇಳಿದ್ರಿ?"

"ಯಾರದು ಅಂದ್ರೆ? ಇದೇ, ಈ ಕೈ."

"ಅದು ನಿಮ್ಮ ಕತ್ತರಿ. ಎದುರುಬದುರು ನಿಂತ್ರೆ ನಿಮ್ಮ ಕತ್ತರಿ ನನ್ನ ಬಟ್ಟೆ."

ಗಂಡ ತನ್ನ ಕೈ ನೋಡಿಕೊಂಡ. ಸ್ವಲ್ಪ ಹೊತ್ತು ಹಿಡಿಯಿತು ಅವನಿಗೆ. "ಹಾಗಾದ್ರೆ ಇಷ್ಟು ವರ್ಷ ನೀನು ಎದುರಿಗೆ ನಿಂತು ಹೇಳ್ತಿದ್ದದ್ದು?"

"ತಿರುವಿ ಹೇಳ್ತಿದ್ದೆ. ಅಂಗೀನ ಒಳಮೈ ಮೇಲೆ ಮಾಡಿ ಹೊಲಿಯಲ್ವಾ? ಆಗ ಎಡ ತೋಳು ಬಲಕ್ಕೆ ಬರತ್ತೆ, ಬಲದ್ದು ಎಡಕ್ಕೆ. ಮನಸ್ಸಲ್ಲೇ ತಿರುವಿ ಹಾಕ್ಬೇಕು. ಹಾಗೇ ಇದೂ ಅಂದ್ಕೊಂಡಿದ್ದೆ. ನೀವು ತಿರುವಲ್ಲ ಅಂತ ನಂಗೇನು ಗೊತ್ತು?"

"ಒಂದು ಸಲಾನೂ ತಪ್ಲಿಲ್ವಲ್ಲೇ ನೀನು" ಎಂದ ಗಂಡ. ಅವನ ದನಿ ಸಣ್ಣಗಾಗಿತ್ತು. "ಇಪ್ಪತ್ತಾರು ವರ್ಷ! ನಾನು ಊರೆಲ್ಲ ನಿನ್ನ ಆಡ್ಕೊಂಡು ನಕ್ಕೆ."

"ನಗೋರ ಜೊತೆ ಅತ್ತೆನೂ ಇದ್ರು ಬಿಡಿ."

"ನನ್ನ ಯಾಕೆ ಎಳೀತೀಯ?" ಎಂದು ಗಾಡಿಯೊಳಗಿಂದ ಅಜ್ಜಿಯ ದನಿ ಬಂತು. "ಎಡ ಬಲ ಗೊತ್ತಿಲ್ದವಳು ಅಂತ ಅಂದವಳು ನಾನು, ಬುದ್ಧಿ ಇಲ್ದವಳು ಅಂತ ಅನ್ಲಿಲ್ಲ."

ಟೈಲರಮ್ಮ ಗಾಡಿಯ ಹಿಂದಿನಿಂದ ಒಂದು ಹಲಗೆ ತೆಗೆದು ಚಕ್ರದ ಕೆಳಗೆ ತುರುಕಿದಳು. ಗಂಡನ ಭುಜ ಹಿಡಿದು ತಿರುಗಿಸಿ, ಅವನ ಬೆನ್ನು ಗಾಡಿಯ ಕಡೆಗೆ ಬರುವ ಹಾಗೆ ನಿಲ್ಲಿಸಿದಳು. "ಹೀಗೆ ಮುಂದೆ ನೋಡ್ತಾ ನಡೀರಿ. ನೇರ ಇರೋದು ನಿಮಗೆ ಚೆನ್ನಾಗಿ ಕಾಣತ್ತಲ್ಲ? ಯಾವ ಕಡೆ ಹೋಗ್ಬೇಕೋ ಆ ಕೈ ಎತ್ತಿ. ಈಗ ಇಬ್ಬರ ಕತ್ತರೀನೂ ಒಂದೇ ಕಡೆ."

"ಹಿಂದಿಂದ ಗುದ್ದಿಬಿಟ್ರೆ?"

"ಮೂವತ್ತೈದು ವರ್ಷದಲ್ಲಿ ಗುದ್ದಬೇಕು ಅನ್ನಿಸಿದ ದಿನ ಎಷ್ಟೋ ಇದೆ. ಗುದ್ದಿದೀನಾ?"

ಅವನು ನಕ್ಕು ನಡೆದ. ತಲೆಯನ್ನು ಅತ್ತಿತ್ತ ಪೂರ್ತಿ ತಿರುಗಿಸಿ ಬಂಡೆಗಳನ್ನು ನೋಡಿಕೊಳ್ಳುತ್ತ, ಒಮ್ಮೆ ಒಂದು ಕೈ, ಒಮ್ಮೆ ಇನ್ನೊಂದು ಕೈ ಎತ್ತುತ್ತ. ಹಿಂದೆ ಒಂದು ಸಲವೂ ತಿರುಗಿ ನೋಡಲಿಲ್ಲ. ಕೋಣ ಹಲಗೆ ಹತ್ತಿ ಹಳ್ಳ ಬಿಟ್ಟು, ಎರಡು ಬಂಡೆಗಳ ನಡುವೆ ಇಳಿದು, ಮರಳು ದಾಟಿ ನೀರಿನಂಚಿಗೆ ಹೋಗಿ ನಿಂತಿತು. ಅದೇ ದಾರಿಯಲ್ಲಿ ಮೇಲಕ್ಕೂ ಬಂತು. ಮಗಳು ಇಡೀ ಹೊತ್ತು ಬಂಡೆಯ ಮೇಲೆ ನಿಂತು ನೋಡಿದಳು.

ಮನೆಗೆ ಮರಳುವಾಗ ಅವಳ ಕೈಲಿದ್ದ ಚೀಲ ಖಾಲಿಯೇ ಇತ್ತು. ಅಜ್ಜಿ ಅದಕ್ಕೆ ಕಡಲೆಕಾಯಿ ಸಿಪ್ಪೆ ತುಂಬಿಸಿದಳು.

"ಅಮ್ಮ ಓಡಿಸಿದ್ರೆ ವಾಂತಿ ಬರಲ್ಲ" ಎಂದಳು ಮಗಳು, ಯಾರಿಗೂ ಹೇಳದ ಹಾಗೆ. ಆಮೇಲೆ ದನಿ ಎತ್ತಿದಳು: "ನನ್ನದೂ ಒಂದು ಷರತ್ತು. ನೀವು ಹೋಗಿ ಬಂದ ಮೇಲೆ ನಂಗೆ ಒಂದು ವಾರ. ನಾನು ಹೊರಡ್ತೀನಿ, ಅಜ್ಜಿ ನಿಮ್ಮ ಪಾಲಿಗೆ. ವರ್ಷಾ ವರ್ಷಾ ಹೀಗೇ."

"ಇಷ್ಟು ದಿನ ಯಾಕಮ್ಮ ಕೇಳ್ಲಿಲ್ಲ?" ಎಂದಳು ಟೈಲರಮ್ಮ.

"ನೀವು ಯಾಕೆ ಕೊಡ್ಲಿಲ್ಲ?"

"ತಪ್ಪಾಯ್ತು ಮಗಳೇ" ಎಂದಳು ಟೈಲರಮ್ಮ. ರಸ್ತೆಯ ಮೇಲಿನ ಕಣ್ಣು ತೆಗೆಯದೆ, ಸ್ಪಷ್ಟವಾಗಿ. "ಗಾಡಿ ಬೇಕಾದ್ರೆ ತಗೊಂಡ್ಹೋಗು."

"ಈ ಕೋಣಾನಾ? ನಾನು ರೈಲಲ್ಲಿ ಹೋಗ್ತೀನಿ, ಕಿಟಕಿ ಪಕ್ಕ."

ಸೋಮವಾರ ಮಗಳು ಮೊಟ್ಟೆ ಅಂಗಡಿಗೆ ಫೋನ್ ಮಾಡಿ ಗಾಡಿ ಕೊಡುವುದಿಲ್ಲ ಎಂದಳು, ಜೊತೆಗೆ ಎರಡು ಡಜನ್ ಮೊಟ್ಟೆ ಬೇಕೆಂದಳು, ಪ್ರವಾಸದ ಬುತ್ತಿಗೆ. ಪರವಾನಗಿಯ ಕಾಗದದಲ್ಲಿ ಚಾಲಕರು ಎನ್ನುವ ಜಾಗದ ಹೆಸರನ್ನು ಅವಳೇ ಬದಲಾಯಿಸಿ ಕಳಿಸಿದಳು.

ಉದ್ಯಾನದ ಗೇಟಿನಲ್ಲಿ ಕಾವಲಿನವನು ಅಭ್ಯಾಸಬಲದಿಂದ ಗಂಡನ ಕಿಟಕಿಗೆ ಹೋಗಿ ಲೈಸೆನ್ಸ್ ಕೇಳಿದ. "ಯಜಮಾನರು ಆ ಕಡೆ ಇದಾರೆ" ಎಂದು ಲಿಫ್ಟಪ್ಪ ಹೆಂಡತಿಯನ್ನು ತೋರಿಸಿದ. ಒಂದೂವರೆ ದಿನ ಬೆಟ್ಟ ಇಳಿದರು. ಕಷ್ಟದ ಕಡೆಯಲ್ಲೆಲ್ಲ ಗಂಡ ಇಳಿದು ಮುಂದೆ ನಡೆದ, ಹೆಂಡತಿ ಅವನ ಬೆನ್ನಿನ ಹಿಂದೆ ಹಿಂದೆ ಕೋಣವನ್ನು ಹೊಡೆದುಕೊಂಡು ಬಂದಳು. ಎರಡನೇ ದಿನ ಮಧ್ಯಾಹ್ನ, ಕೊನೆಯ ತಿರುವಿನಲ್ಲಿ, ಅವಳು ಥಟ್ಟನೆ ಬ್ರೇಕು ಹಾಕಿದಳು.

"ಯಾಕೆ? ಏನಾಯ್ತು?" ಎಂದ ಪಕ್ಕದಲ್ಲಿ ಕೂತಿದ್ದ ಗಂಡ. ಎದುರಿಗೆ ಅವನಿಗೆ ಕಾಣುತ್ತಿದ್ದದ್ದು ಬರೀ ಕಲ್ಲಿನ ದಾರಿ.

"ಸಮುದ್ರ."

"ಎಲ್ಲಿ?"

"ಬಟ್ಟೆ ಕಡೆ."

ಅವನು ಎಡಕ್ಕೆ ಪೂರ್ತಿ ತಿರುಗಿದ. ಕತ್ತನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ಸರಿಸುತ್ತ ತುಂಡು ತುಂಡಾಗಿ ನೋಡಿದ. ಅವಳು ಎಂಜಿನ್ನು ಆರಿಸಿ ಕಾದಳು.

"ಇನ್ನೂ ಇದ್ಯಾ?" ಎಂದು ಕೇಳಿದ, ಕೊನೆ ಸಿಗದೆ.

"ಥಾನುಗಟ್ಟಲೆ ಬಟ್ಟೆ ಬಿಚ್ಚಿಟ್ಟ ಹಾಗಿದೆ" ಎಂದಳು ಟೈಲರಮ್ಮ. "ನಿಧಾನವಾಗಿ ನೋಡಿ."